ಮೂರನೆಯ ಸ್ನಾನ

ಕೋಟಿನ ತೋಳಿನೊಳಗೆ ಉದಯ್‌ನ ಬಲಗೈ ಹೋಗಲಿಲ್ಲ. ಹೆಂಡತಿ ಚಿನ್ಮಯಿ ಇನ್ನೊಮ್ಮೆ ಪ್ರಯತ್ನಿಸಿದಳು. ಮೊಣಕೈ ಬಾಗುತ್ತಿರಲಿಲ್ಲ.

"ಬಿಡು ಮಗಾ, ಹಾಗೆ ಎಳೀಬೇಡ" ಎಂದು ಲೀಲಮ್ಮ ಕತ್ತರಿ ತೆಗೆದುಕೊಂಡರು. ಕೋಟನ್ನು ಬೆನ್ನಿನ ಕಡೆ ಕೆಳಗಿನಿಂದ ಕೊರಳಪಟ್ಟಿಯವರೆಗೆ ಸೀಳಿ, ಎರಡು ಹೋಳುಗಳನ್ನು ಎರಡು ಕೈಗಳಿಗೆ ತೊಡಿಸಿ, ಅಂಚುಗಳನ್ನು ಬೆನ್ನಿನಡಿ ಮಡಿಸಿದರು. ಮುಂದಿನಿಂದ ನೋಡಿದರೆ ಆರತಕ್ಷತೆಯ ಆ ಕೋಟು ಆರತಕ್ಷತೆಯ ದಿನಕ್ಕಿಂತ ಚೆನ್ನಾಗಿ ಕೂತಿತ್ತು.

"ಹಿಂದೆ ಯಾರು ನೋಡ್ತಾರೆ?" ಎಂದರು ಲೀಲಮ್ಮ.

ಅವರು ಎದುರು ಮನೆಯವರು. ಕೊಳ್ಳೇಗಾಲದ ಕಡೆಯ ಕ್ರೈಸ್ತರು, ನರ್ಸ್ ಆಗಿದ್ದು ನಿವೃತ್ತರಾದವರು. ಮದ್ರಾಸಿನ ತಾಂಬರಂನ ಆ ಬೀದಿಯಲ್ಲಿ ಯಾವ ಜಾತಿಯ ಸಾವಾದರೂ ಮೊದಲು ಅವರನ್ನೇ ಕರೆಯುತ್ತಿದ್ದರು. ಉದಯ್‌ನನ್ನು ಮೊದಲು ಚರ್ಚಿಗೆ ಕರೆದುಕೊಂಡು ಹೋದವರೂ ಅವರೇ. ಸ್ಟೇಷನ್‌ನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಅವನು ಒಂದು ಸಂಜೆ ಅದೇ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಡಿದು ಬಿದ್ದಿದ್ದ. ಲೀಲಮ್ಮ ಆಟೋದಲ್ಲಿ ಹಾಕಿಕೊಂಡು ಬಂದಿದ್ದರು.

ಯಕೃತ್ತು ಕೆಟ್ಟು ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡ. ಕಣ್ಣಿನ ಬಿಳಿ ಇನ್ನೂ ಅರಿಶಿನದ ಬಣ್ಣದಲ್ಲಿದ್ದುದರಿಂದ ಲೀಲಮ್ಮ ರೆಪ್ಪೆಗಳನ್ನು ಒತ್ತಿ ಮುಚ್ಚಿದ್ದರು.

ನಡುಮನೆಯಲ್ಲಿ ಕೃಷ್ಣಮೂರ್ತಿ ಮಾವ ಮಾತಾಡುತ್ತಲೇ ಇದ್ದರು. ಅವರು ಉದಯ್‌ನ ತಾಯಿ ಶಾರದಮ್ಮನ ತಮ್ಮ, ಬೆಳಗಿನ ರೈಲಿಗೆ ಮೈಸೂರಿನಿಂದ ಬಂದಿದ್ದರು. ಹೂಳುವುದೆಂದರೆ ಅವರಿಗೆ ಒಪ್ಪಿಗೆಯಿಲ್ಲ. ಮನೆತನದಲ್ಲಿ ಯಾರನ್ನೂ ಹೂಳಿಲ್ಲ, ವಿದ್ಯುತ್ ಚಿತಾಗಾರಕ್ಕೆ ಫೋನ್ ಮಾಡಿದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ ಎನ್ನುತ್ತಿದ್ದರು.

"ಬೆಂಕಿ ಯಾವ ಸರ್ಟಿಫಿಕೇಟೂ ಕೇಳಲ್ಲ ನೋಡಮ್ಮ ಚಿನ್ಮಯಿ. ಮಣ್ಣಿಗೆ ಇವರದ್ದು ಸಾವಿರ ರೂಲ್ಸು."

ಶಾರದಮ್ಮ ಮಗನ ತಲೆಯ ಬಳಿ ಗೋಡೆಗೆ ಒರಗಿ ಕೂತಿದ್ದರು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಆ ಮೌನವನ್ನು ಎಲ್ಲರೂ ತಮ್ಮನ ಮಾತಿಗೆ ಒಪ್ಪಿಗೆಯೆಂದು ತಿಳಿದಿದ್ದರು.

"ಅವರೇ ಹೇಳಿದ್ದಾರೆ ಮಾವ" ಎಂದಳು ಚಿನ್ಮಯಿ. "ಸುಡಬೇಡಿ, ಹೂಳಿ ಅಂತ."

ಹೇಳಿದ್ದು ಆಸ್ಪತ್ರೆಯಲ್ಲಿ. ದೀಕ್ಷಾಸ್ನಾನದ ನೀರಿನಲ್ಲಿ ಮುಳುಗುವುದೆಂದರೆ ಸತ್ತು ಮಣ್ಣಾಗುವುದು, ಮೇಲೇಳುವುದೆಂದರೆ ಹೊಸಬನಾಗಿ ಎದ್ದು ಬರುವುದು ಎಂದು ಚರ್ಚಿನಲ್ಲಿ ಅವನಿಗೆ ಕಲಿಸಿದ್ದರು. ಅದನ್ನು ಹೇಳಿ, ಒಣಗಿದ ತುಟಿಯಲ್ಲೇ ನಕ್ಕಿದ್ದ. "ಮುಳುಗೋದು ಚೆನ್ನಾಗಿ ಬರುತ್ತೆ ನಂಗೆ. ಏಳೋದೇ ಕಲೀಲಿಲ್ಲ. ಮಣ್ಣಲ್ಲಾದ್ರೂ ಹಾಕಿ, ನೋಡೋಣ."

*

ಪಾದ್ರಿ ಜ್ಞಾನದೊರೈ ಬಂದಾಗ ಹತ್ತು ಗಂಟೆಯಾಗಿತ್ತು. ಉದಯ್‌ಗೆ ಮೊದಲ ದೀಕ್ಷಾಸ್ನಾನ ಕೊಟ್ಟವರು ಅವರು. ಕಲ್ಲಿನ ಹಳೆಯ ಚರ್ಚು ಅವರದು, ಅದರ ಹಿಂದೆ ಸ್ವಂತ ಸ್ಮಶಾನ. ಹೊಸೂರಿನಲ್ಲಿ ಬಹಳ ವರ್ಷ ಇದ್ದುದರಿಂದ ಕನ್ನಡ ಬರುತ್ತಿತ್ತು. ಗುಂಡಿ ತೋಡಿಸಿಯಾಗಿದೆ ಎಂದರು. ಒಂದು ವಿಷಯ ಕೇಳಬೇಕಾಗಿದೆ ಎಂದು ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿದರು.

"ಎಲ್ಲರನ್ನೂ ಕೇಳ್ತೀವಮ್ಮಾ. ನಮ್ಮಲ್ಲಿ ಸ್ನಾನ ಆದ ಮೇಲೆ ಬೇರೆ ಚರ್ಚಿನ ಸಭೆಗೆ ಹೋಗಿ ಮತ್ತೆ ತಗೊಂಡ್ರಾ? ತಗೊಂಡಿದ್ರೆ ನಮ್ಮ ಸದಸ್ಯರಲ್ಲ. ನಮ್ಮ ಮಣ್ಣಲ್ಲಿ ಜಾಗ ಕೊಡೋಕಾಗಲ್ಲ."

ಚಿನ್ಮಯಿ ಸಿಂಕಿನೊಳಗಿದ್ದ ಲೋಟಗಳನ್ನು ನೋಡಿದಳು. ಸುಳ್ಳಿಗಿಂತ ನಿಜವೇ ಹೆಚ್ಚು ನಾಚಿಕೆಯದಾಗಿ ಕಂಡಿತು.

"ಇಲ್ಲ" ಎಂದಳು.

ಪಾದ್ರಿ ತಲೆಯಾಡಿಸಿ ನಡುಮನೆಗೆ ಹೋದರು. ಕಾಫಿ ಸೋಸುತ್ತಿದ್ದ ಲೀಲಮ್ಮ ತಿರುಗಿ ನೋಡಲಿಲ್ಲ. ಅವನು ಮತ್ತೆ ಮುಳುಗಿದ್ದು ಅವರಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಬೇರೇನೋ ಜ್ಞಾಪಿಸಿಕೊಂಡವರಂತೆ ಮಾತಾಡಿದರು. ಒಂದು ಸಲ ಉದಯ್‌ಗೆ ಬೈಬಲಿನ ಆ ಕೊನೆಯ ಊಟದ ಕತೆ ಹೇಳಿದ್ದರಂತೆ: ಗುರು ಶಿಷ್ಯರ ಕಾಲು ತೊಳೆಯಲು ಬಗ್ಗಿದಾಗ ಒಬ್ಬ ಶಿಷ್ಯ ಮೊದಲು ಬೇಡವೆಂದ, ಆಮೇಲೆ ಹಾಗಾದರೆ ತಲೆ ಕೈಯನ್ನೂ ತೊಳೆದುಬಿಡು ಎಂದ, ಮಿಂದು ಬಂದವನಿಗೆ ಕಾಲಿನ ಧೂಳು ತೊಳೆದರೆ ಸಾಕು, ಮೈಯೆಲ್ಲ ಮತ್ತೆ ಬೇಕಿಲ್ಲವೆಂದು ಗುರು ಹೇಳಿದ.

"ನಿನಗೂ ಅಷ್ಟೇ ಕಣಪ್ಪಾ ಅಂದೆ. ಪದೇ ಪದೇ ಮುಳುಗಬೇಡ ಅಂದೆ. ಅವನು ಏನಂದ ಗೊತ್ತಾ? ಲೀಲಮ್ಮ, ನನ್ನ ಧೂಳು ಕಾಲಲ್ಲಿ ನಿಲ್ಲಲ್ಲ, ನೆತ್ತಿಗೇ ಏರುತ್ತೆ ಅಂದ."

ಲೀಲಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಕಾಫಿಯ ತಟ್ಟೆ ಎತ್ತಿಕೊಂಡರು.

*

ಎರಡನೆಯ ಸ್ನಾನ ಆದದ್ದು ಬೇಸಿಗೆಯಲ್ಲಿ, ಮದ್ರಾಸಿಗೆಲ್ಲ ನೀರಿಲ್ಲದ ವರ್ಷ. ತಗಡಿನ ಸೂರಿನ ಚರ್ಚಿನ ಹಿಂದೆ ಸಿಮೆಂಟಿನ ತೊಟ್ಟಿ. ಅದನ್ನು ತುಂಬಿಸಲು ಲಾರಿ ಬಂದಿತ್ತು. ಲಾರಿಯ ಹಿಂದೆಯೇ ಬೀದಿಯ ಹೆಂಗಸರು ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಬಂದಿದ್ದರು.

ಚಿನ್ಮಯಿ ಟವೆಲ್, ಒಣಬಟ್ಟೆ ಹಿಡಿದು ತೊಟ್ಟಿಯ ಪಕ್ಕ ನಿಂತಿದ್ದಳು. ಅವಳು ದೀಕ್ಷೆ ತೆಗೆದುಕೊಂಡವಳಲ್ಲ. ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿ ಇಲ್ಲಿ ಶಾಲೆಯೊಂದರಲ್ಲಿ ಚರಿತ್ರೆ ಹೇಳುತ್ತಿದ್ದಳು. ಹಿಂದಿನ ರಾತ್ರಿ ಗಂಡನಿಗೂ ಪಾಠ ಹೇಳಿದ್ದಳು. ನೀರು ಒಂದು ಸಂಕೇತ ರೀ, ಯಾವ ಧರ್ಮದಲ್ಲೂ ಇದೆ, ಒಳಗಿನದು ತೊಳೆಯುವುದು ನೀರಲ್ಲ ಎಂದಿದ್ದಳು.

"ಸಂಕೇತ ಆದ್ರೆ ಮೈ ಯಾಕೆ ಒದ್ದೆ ಆಗ್ಬೇಕು?" ಎಂದಿದ್ದ ಅವನು.

ಹಿಂದೆಲ್ಲೂ ದೀಕ್ಷೆ ಆಗಿಲ್ಲವೆಂದು ಅಲ್ಲಿಯ ಪಾಸ್ಟರ್ ಮೋಸಸ್‌ಗೆ ಹೇಳಿದ್ದ. ಮುಳುಗಿ ಎದ್ದು, ಕೆಮ್ಮುತ್ತ ಅತ್ತ. ಅಳು ನಿಜದ್ದಾಗಿತ್ತು. ಚಿನ್ಮಯಿ ಟವೆಲ್ ಚಾಚುವಷ್ಟರಲ್ಲಿ ಬೇಲಿಯಾಚೆಯಿಂದ ಒಬ್ಬ ಹೆಂಗಸು ತಮಿಳಿನಲ್ಲಿ ಅವಳನ್ನೇ ಕೇಳಿದಳು, ನಿಮ್ಮೋರದ್ದು ಮುಗೀತಾ, ಆ ನೀರು ಚೆಲ್ಲಿಬಿಡ್ತೀರೋ ನಮಗೆ ಕೊಡ್ತೀರೋ ಎಂದು. ಬಟ್ಟೆ ಒಗೆಯೋಕೆ ಆಗುತ್ತೆ ಎಂದಳು.

ಪಾಸ್ಟರ್ ಬೇಲಿಯ ಬಾಗಿಲು ತೆಗೆಸಿದರು. ಗಂಡ ಎದ್ದುಬಂದ ನೀರನ್ನು ಹೆಂಗಸರು ಬಿಂದಿಗೆಗಳಲ್ಲಿ ತುಂಬಿಕೊಳ್ಳುವುದನ್ನು ಚಿನ್ಮಯಿ ನೋಡುತ್ತ ನಿಂತಳು. ಮಳೆಗಾಲ ಶುರುವಾಗುವುದರೊಳಗೆ ಅವನು ಮತ್ತೆ ಕುಡಿದ.

*

ಪಾಸ್ಟರ್ ಮೋಸಸ್ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಸಭೆಯ ಐದಾರು ಜನರೊಂದಿಗೆ ಒಳಗೆ ಬಂದವರೇ ಹೆಣದ ಪಕ್ಕ ಮಂಡಿಯೂರಿದರು. ತಮಿಳು ಕನ್ನಡ ಬೆರೆಸಿ ಚಿನ್ಮಯಿಗೆ ಸಮಾಧಾನ ಹೇಳಿದರು.

"ಅಳಬೇಡಿ ಸಿಸ್ಟರ್. ಬ್ರದರನ್ನ ನಾನೇ ಮುಳುಗಿಸಿದ್ದು, ಈ ಕೈಯಾಲೆ. ಮೊದಲನೇ ಸ್ನಾನಂ ಅಂತ ಮಗು ಥರಾ ಅಳ್ತಿದ್ರು."

ಕುರ್ಚಿಯಲ್ಲಿ ಕೂತು ಸ್ಮಶಾನದ ಚೀಟಿ ಬರೆಯುತ್ತಿದ್ದ ಪಾದ್ರಿ ಜ್ಞಾನದೊರೈ ತಲೆಯೆತ್ತಿದರು. ಅವರು ಮೋಸಸ್ ಕಡೆ ನೋಡಲಿಲ್ಲ, ಚಿನ್ಮಯಿ ಕಡೆ ನೋಡಿದರು. ಬೀದಿಯ ಹೆಂಗಸರು, ಟಿಕೆಟ್ ಕೌಂಟರಿನ ಸಹೋದ್ಯೋಗಿಗಳು, ಎಲ್ಲರೂ ಅವಳನ್ನೇ ನೋಡಿದರು. ಕಿವಿಯಿಂದ ಕತ್ತಿನವರೆಗೆ ಬಿಸಿ ಇಳಿಯಿತು. ಗಂಡ ಸತ್ತನೆಂದು ಕೇಳಿದಾಗಲೂ ಅವಳ ಮೈಗೆ ಏನೂ ಆಗಿರಲಿಲ್ಲ.

"ಎರಡು ಸಲವಾ?" ಎಂದರು ಕೃಷ್ಣಮೂರ್ತಿ ಮಾವ. ನಗು ತಡೆದುಕೊಂಡ ದನಿ. "ಮೊದಲನೇದಕ್ಕೆ ಗ್ಯಾರಂಟಿ ಮುಗಿದಿತ್ತೇನೋ."

ಪಾದ್ರಿ ಪೆನ್ನಿಗೆ ಮುಚ್ಚಳ ಹಾಕಿದರು. "ಬೇಜಾರಾಗ್ತದೆ ಅಮ್ಮಾ. ಎರಡನೇದು ತಗೊಳ್ಳೋದು ಅಂದ್ರೆ ಮೊದಲನೇದು ಸಾಲದು ಅಂದ ಹಾಗೆ. ಅದು ನನಗೆ ಅಂದಿದ್ದಲ್ಲ, ದೇವರಿಗೆ ಅಂದಿದ್ದು."

ಚಿನ್ಮಯಿ ಕೆಳಗೆ ನೋಡಿದಳು. ಚೀಟಿ ಪಾದ್ರಿಯ ಮಂಡಿಯ ಮೇಲೆ ಅರ್ಧಕ್ಕೇ ನಿಂತಿತ್ತು. ಉದಯ್ ಕೇಳಿದ್ದು ಅದೊಂದನ್ನೇ, ಅದೂ ಅವಳ ಸುಳ್ಳಿನಿಂದ ಹೋಯಿತು.

"ಎರಡಲ್ಲ ಕಿಟ್ಟಿ" ಎಂದರು ಶಾರದಮ್ಮ ತಮ್ಮನಿಗೆ. "ಮೂರು."

*

ಮೂರನೆಯದು ಎಣ್ಣೂರಿನ ಸಮುದ್ರದಲ್ಲಿ. ಹೊರಡುವ ಬೆಳಿಗ್ಗೆ ಉದಯ್ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ. ಚಿನ್ಮಯಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು.

"ನಾನು ಬರಲ್ಲ" ಎಂದಳು. "ಆ ದೇವರಿಗೂ ನಿಮ್ಮನ್ನ ಒರೆಸೀ ಒರೆಸೀ ಸಾಕಾಗಿರುತ್ತೆ."

ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟ. ಸಂಜೆ ಕೂದಲಲ್ಲಿ ಉಪ್ಪು ಕಟ್ಟಿಕೊಂಡು ಬಂದ. ಆ ದಿನ ಅತ್ತೆಯೂ ಮನೆಯಲ್ಲಿರಲಿಲ್ಲ. ಮಾಂಬಲಂನಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ ಎಂದಿದ್ದರು. ತಂತಿಯ ಮೇಲೆ ಅವರ ಸೀರೆ ಒದ್ದೆಯಾಗಿ ತೂಗುತ್ತಿತ್ತು. ಚಿನ್ಮಯಿ ಕೇಳಿರಲಿಲ್ಲ.

*

"ನಾನೇ ಹೋಗಿದ್ದೆ ಟವೆಲ್ ಹಿಡ್ಕೊಂಡು" ಎಂದು ಶಾರದಮ್ಮ ಹೇಳಿದರು. ಯಾರನ್ನೂ ನೋಡುತ್ತಿರಲಿಲ್ಲ. ಕೈ ಮಗನ ಕೋಟಿನ ಕಾಲರಿನ ಮೇಲಿತ್ತು. "ಎರಡು ರೈಲು ಹತ್ತಿ ಹೋದ್ವಿ. ಅಲ್ಲಿ ಮುಳುಗಿಸೋ ಉಪದೇಶಿ ಸಣ್ಣ ಹುಡುಗ, ಪೀಚು. ಅಲೆ ಬಂದು ಅವನನ್ನೇ ಉರುಳಿಸ್ಬಿಡ್ತು. ಇವನೇ ಎತ್ತಿ ನಿಲ್ಲಿಸಿದ. ಆಮೇಲೆ ಅವನು ಇವನನ್ನ ಮುಳುಗಿಸಿದ."

ಯಾರೋ ನಕ್ಕು ಕೆಮ್ಮಿದರು.

"ಸಮುದ್ರದವರೆಗೂ ಬಂದಿದ್ದೀನಲ್ಲ ಅಂತ ನಾನೂ ಒಂದು ಮುಳುಗು ಹಾಕಿದೆ. ನಂಗೆ ನಿಮ್ಮ ಲೆಕ್ಕ ಗೊತ್ತಿಲ್ಲ ಸ್ವಾಮಿ. ಕುಡಿದು ಮೋರಿಗೆ ಬಿದ್ದು ಬಂದಾಗೆಲ್ಲ ಹಿತ್ತಲಲ್ಲಿ ಕೂರಿಸಿ ಸ್ನಾನ ಮಾಡಿಸಿದ್ದು ನಾನು. ಇವಳು ರೂಮಿನ ಬಾಗಿಲು ಹಾಕ್ಕೋತಿದ್ಲು. ತಪ್ಪಲ್ಲ, ಬೆಳಿಗ್ಗೆ ಎದ್ದು ಶಾಲೆಗೆ ಹೋಗ್ಬೇಕಿತ್ತು. ಎಷ್ಟು ಸಲ ಅಂತ ನಾನು ಎಣಿಸಿಲ್ಲ. ಮಾರನೇ ದಿನ ಮತ್ತೆ ಕೊಳೆ ಮಾಡ್ಕೊಂಡು ಬಂದ ಅಂತ ಹಿಂದಿನ ದಿನದ್ದು ಸ್ನಾನ ಅಲ್ವಾ? ಅದರಲ್ಲಿ ಯಾವುದು ಸಾಲದು ಅಂತೀರೋ ನೀವೇ ಹೇಳಿ."

ಫ್ಯಾನು ತಿರುಗುತ್ತಿತ್ತು. ಪಾಸ್ಟರ್ ಮೋಸಸ್ ಮಂಡಿಯೂರಿದ್ದಲ್ಲೇ ತಲೆ ತಗ್ಗಿಸಿದ್ದರು. ತನಗಿಂತ ಮೊದಲೊಂದು ಸ್ನಾನವಾಗಿತ್ತೆಂದು ಅವರಿಗೂ ಈಗಲೇ ಗೊತ್ತಾದದ್ದು.

"ಅಕ್ಕಾ, ನಿನಗೆ ಸುಡೋದು ಬೇಡವಾ ಹಾಗಾದ್ರೆ?" ಎಂದು ಕೃಷ್ಣಮೂರ್ತಿ ಮಾವ ಮೆಲ್ಲಗೆ ಕೇಳಿದರು.

"ಅವನು ಕೇಳಿದ್ದು ಕೊಡ್ರೋ" ಎಂದರು ಶಾರದಮ್ಮ. "ಕುಡಿಯೋಕೆ ಬಿಟ್ಟು ಬೇರೇನನ್ನೂ ಅವನು ಬಾಯ್ಬಿಟ್ಟು ಕೇಳಿದವನಲ್ಲ."

ವಿಧಿಗೆ ತೊಡುವ ಬಿಳಿ ನಿಲುವಂಗಿ ಮಡಿಸಿದ್ದ ಚೀಲ ಪಾದ್ರಿಯ ಪಕ್ಕದಲ್ಲಿತ್ತು. ಅದನ್ನು ಲೀಲಮ್ಮನ ಕೈಗೆ ಕೊಟ್ಟು, ನಮ್ಮ ಮನೆಗೆ ಕಳಿಸಿಬಿಡಿ ಎಂದರು. ಗಂಟೆ ಹೊಡೆಸುವುದಿಲ್ಲ, ಬಲಿಪೀಠದ ಮುಂದೆ ಇಡುವುದಿಲ್ಲ, ಪೂರ್ತಿ ವಿಧಿಯೂ ಇರುವುದಿಲ್ಲ. ಅದು ತನ್ನ ಕೈಯಲ್ಲಿಲ್ಲ. ಆದರೆ ತೋಡಿದ ಗುಂಡಿಯನ್ನು ಬರಿದೇ ಮುಚ್ಚಲಾಗದು. ನಾಳೆ ಚರ್ಚಿನ ಸಮಿತಿ ಕೇಳಿದರೆ ಉತ್ತರ ತಾನೇ ಹೇಳುತ್ತೇನೆ ಎಂದು ಚೀಟಿ ಪೂರ್ತಿ ಮಾಡಿದರು.

ಚಿನ್ಮಯಿ ಅವರ ಮುಂದೆ ಹೋಗಿ ನಿಂತಳು. "ನಾನು ಸುಳ್ಳು ಹೇಳಿದೆ" ಎಂದಳು.

"ಗೊತ್ತಾಯ್ತಮ್ಮಾ" ಎಂದರು ಅವರು. ಕ್ಷಮಿಸಿದೆ ಎನ್ನಲಿಲ್ಲ.

*

ಸ್ಮಶಾನದ ಮೂಲೆಯಲ್ಲಿ, ರೈಲ್ವೆ ಗೋಡೆಯ ಪಕ್ಕ ಹೂಳಿದರು. ಪ್ರಾರ್ಥನೆ ಮೋಸಸ್ ಮಾಡಿದರು. ಜ್ಞಾನದೊರೈ ಬರೀ ಅಂಗಿಯಲ್ಲಿ ಜನರ ನಡುವೆ ನಿಂತು ಆಮೆನ್ ಎಂದರು. ಎಲೆಕ್ಟ್ರಿಕ್ ರೈಲೊಂದು ಹಾದುಹೋದದ್ದರಿಂದ ಕೊನೆಯ ಮಾತುಗಳು ಕೇಳಿಸಲಿಲ್ಲ.

ಮನೆಗೆ ಬಂದಾಗ ಕೃಷ್ಣಮೂರ್ತಿ ಮಾವ ಹೊಸಿಲಲ್ಲೇ ತಡೆದರು. ಸುಟ್ಟರೂ ಹೂತರೂ ಸ್ನಾನ ಮಾಡದೆ ಒಳಗೆ ಹೋಗುವಂತಿಲ್ಲ. ಗಂಡಸರದು ಮುಗಿದ ಮೇಲೆ ಶಾರದಮ್ಮ ಮಿಂದು ಬಂದರು. ಚಿನ್ಮಯಿ ಉಟ್ಟ ಸೀರೆಯಲ್ಲೇ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಬಕೆಟ್ ತುಂಬಿತ್ತು. ಚೊಂಬು ಕೈಯಲ್ಲಿತ್ತು. ಎತ್ತಲು ಆಗುತ್ತಿರಲಿಲ್ಲ.

ಒದ್ದೆ ಕೂದಲಿನ ಶಾರದಮ್ಮ ಬಂದು ಚೊಂಬು ತೆಗೆದುಕೊಂಡರು.

"ಬೇಡ ಅತ್ತೆ. ನೀವು ಹಾಕಬೇಡಿ ನಂಗೆ."

"ಕತ್ತು ಬಗ್ಗಿಸು."

ಅವಳು ಬಗ್ಗಿಸಿದಳು. ಶಾರದಮ್ಮ ಎಡಗೈಯನ್ನು ಅವಳ ಹಣೆಗೆ ಅಡ್ಡ ಹಿಡಿದು, ಬೆರಳುಗಳನ್ನು ಒತ್ತಾಗಿ ಕೂಡಿಸಿ, ನೀರು ಕಣ್ಣಿಗೆ ಇಳಿಯದ ಹಾಗೆ ನೆತ್ತಿಯ ಮೇಲೆ ನಿಧಾನವಾಗಿ ಸುರಿಯತೊಡಗಿದರು. ಬಕೆಟ್ ಬರಿದಾದ ಮೇಲೂ ಆ ಕೈ ಅಲ್ಲೇ ಇತ್ತು.