ಬೂದಿ ಬುಧವಾರದ ಅಂಗಾರ

ಅಮೋಘ್‌ಗೆ ಫೋನು ಮಾಡಲು ಈ ವಾರ ಒಂದು ನೆಪವೂ ಇಲ್ಲವಲ್ಲ ಎಂಬುದೇ ಶ್ರೀಯಾಳ ಚಿಂತೆ. ಯಾರಿಗಾದರೂ ಹೇಳಿದರೆ ನಕ್ಕಾರು. ತನಗೆ ತಾನೇ ಹೇಳಿಕೊಂಡಳು. ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಇಬ್ಬರೂ ಕೆಲಸ ಮಾಡುತ್ತಿದ್ದ ಸರಕು ಕಂಪನಿ ಅವನನ್ನು ಬ್ರೆಜಿಲ್‌ನ ಸಾಂತೋಸ್ ಕಚೇರಿಗೆ ಕಳಿಸಿದ ಮೇಲೆ, ಕಂಟೇನರುಗಳ ಹೆಸರಿನಲ್ಲೇ ಇಬ್ಬರ ಮಾತು ನಡೆದಿತ್ತು. ಇಲ್ಲಿ ಸಂಜೆ, ಅಲ್ಲಿ ಬೆಳಗು. ಈ ಸಲ ಚೀನೀ ಹೊಸವರ್ಷವೂ ಅಲ್ಲಿನ ಕಾರ್ನಿವಲ್ ಹಬ್ಬವೂ ಒಟ್ಟಿಗೇ ಬಿದ್ದು ಎರಡೂ ಕಚೇರಿಗೆ ಬೀಗ.

ಭಾನುವಾರ ಅವನೇ ವಿಡಿಯೋದಲ್ಲಿ ಬಂದ. ಮುಖವೆಲ್ಲ ಮಿನುಗುಪುಡಿ, ತಲೆಗೆ ಮದುಮಗಳ ಮುಸುಕು. ಹಿಂದೆ ಬೀದಿಗೆ ಬೀದಿಯೇ ಕುಣಿಯುತ್ತಿತ್ತು.

"ಏನೋ ಇದು ವೇಷ?"

"ಇಲ್ಲಿ ಗಂಡಸರೆಲ್ಲ ಹೀಗೇ ಮಾರಾಯ್ತಿ! ನಮ್ಮೂರ ಹುಲಿವೇಷಕ್ಕಿಂತ ಜೋರು." ಪಕ್ಕದಿಂದ ಗುಂಗುರು ಕೂದಲಿನ ಹುಡುಗಿಯೊಬ್ಬಳು ಕೈಬೀಸಿದಳು. "ಇವಳು ಲಾರಿಸಾ. ಹಾಗೆ ಕಣ್ಣು ಬಿಡ್ಬೇಡ. ಕಾರ್ನಿವಲ್ ಪ್ರೀತಿ ಬುಧವಾರಕ್ಕೆ ಬೂದಿ ಅಂತ ಇಲ್ಲಿಯವ್ರೇ ಹೇಳ್ತಾರೆ."

ಆ ಬುಧವಾರಕ್ಕಾಗಿ ಅವಳು ಕಾದಳು. ಕೆಳಗೆ ಸಿಂಹನೃತ್ಯ, ಪಟಾಕಿ. ಹಬ್ಬ ಬೇಗ ಮುಗಿಯಲೆಂದು ಹರಕೆ ಹೊರುವವರೂ ಉಂಟೇ? ಅವಳು ಹೊತ್ತಳು.

ಗುರುವಾರ ಬೆಳಗ್ಗೆ ಅವನ ಸಂದೇಶ: "ಬೂದಿ ಆಗ್ಲಿಲ್ಲ ಶ್ರೀ. ಇಲ್ಲಿ ಇನ್ನೂ ಬೂದಿ ಬುಧವಾರ, ಕ್ರೈಸ್ತರ ಉಪವಾಸ ಶುರುವಾಗುವ ದಿನ. ಲಾರಿಸಾಳ ಅಮ್ಮನ ಜೊತೆ ಚರ್ಚಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸ್ಕೊಂಡೆ. ಮದುವೆ ಆಗ್ತೇವೆ. ನನ್ನಮ್ಮನಿಗೆ ನಾನೇ ಹೇಳ್ತೇನೆ, ನೀನು ಸುಮ್ನಿರು."

ಆ ಸಂಜೆ ಅಮೋಘ್‌ನ ತಾಯಿ ಸುಮತಿ ಆಂಟಿ ಫೋನು ಹಿಡಿದುಕೊಂಡು ಬಂದರು. ಪುಚೊಂಗಿನಲ್ಲಿ ಶ್ರೀಯಾಳ ಮನೆಯಿದ್ದ ಕಾಂಡೋ ಕಟ್ಟಡದಲ್ಲೇ ಎರಡು ಮಹಡಿ ಮೇಲೆ ಅವರ ಮನೆ.

"ಸ್ಟೇಟಸ್ ಕಾಣು ಮಾರಾಯ್ತಿ, ಅಂಗಾರ ಇಟ್ಟಿದ್ದಾನೆ! ಉಪನಯನ ಆದಾಗ ಒಂದು ವಾರ ಇಟ್ಟವ ಮತ್ತೆ ಮುಟ್ಟಿದ್ರೆ ಕೇಳು. ಇಷ್ಟು ದಪ್ಪ ಬಳಿಯುವುದಾ, ಕತ್ತೆ!"

ಫೋಟೋದಲ್ಲಿದ್ದ ಚರ್ಚಿನ ಬೂದಿಯನ್ನು, ಪೂಜೆಯಾದ ಮೇಲೆ ಮಾಧ್ವರು ಹಣೆಗಿಡುವ ಇದ್ದಿಲಿನ ಕಪ್ಪೆಂದೇ ಅವರು ನಂಬಿದ್ದರು. ಮಗನ ಹೆಗಲ ಮೇಲಿದ್ದ ಬಣ್ಣದುಗುರಿನ ಬೆರಳುಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಶ್ರೀಯಾಳ ಅಮ್ಮ ಜಯಮಾಲಾ ನಕ್ಕು, ಮಲೇಷ್ಯಾದ ಮಾತಿನ ಧಾಟಿಯಲ್ಲೇ ಹೇಳಿದರು. "ದಾರಿಗೆ ಬಂದ್ನಲ್ಲ, ಇನ್ನು ಮದುವೆ ಮಾಡಿ ಲಾ."

"ಅದಕ್ಕೇ ಬಂದದ್ದು ನಾನು." ಸುಮತಿ ಶ್ರೀಯಾಳ ಗಲ್ಲ ಹಿಡಿದೆತ್ತಿದರು. "ನಾಚಬೇಡ, ಬಾಯಿಬಿಟ್ಟು ಹೇಳು. ಅವ ನಿನಗೆ ಇಷ್ಟವಾ?"

ಇಂಥ ಮಾತು ಬಂದಾಗಲೆಲ್ಲ ಮುಗುಳ್ನಕ್ಕು ಕೋಣೆ ಸೇರುವುದು ಅವಳ ರೂಢಿ. ಇಂದು ಅಲ್ಲೇ ನಿಂತಳು. ಆ ತಾಯಿಯ ಮುಖದ ಹಿಗ್ಗು ನೋಡುತ್ತ, ಗಲ್ಲದ ಮೇಲಿದ್ದ ಅವರ ಕೈ ಹಿಡಿದುಕೊಂಡಳು.

"ತುಂಬಾ ಇಷ್ಟ ಆಂಟಿ," ಎಂದಳು, ಗಟ್ಟಿಯಾಗಿಯೇ. "ಆದ್ರೆ ಅವನಿಗೆ ಇಷ್ಟ ಆದವಳು ನಾನಲ್ಲ."