ಬಿಳಿ ಗೋಡಂಬಿ, ಕರಿ ಬೆರಳು

ಗೇರುಬೀಜ ಒಡೆದು ಗೋಡಂಬಿ ತೆಗೆಯುವ ಮನೆಗಳಲ್ಲಿ, ಹುಡುಗಿ ತಾಯಿಯ ಭುಜದೆತ್ತರಕ್ಕೆ ಬಂದಳೆಂದರೆ ಮಣೆ ಹಾಕಿ ಕೂರಿಸುವುದು ವಾಡಿಕೆ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಬರಿಗೈಯಲ್ಲೇ ಒಡೆಯಬೇಕು. ಬೆರಳು ಕಪ್ಪಾದ ಹುಡುಗಿ ಕೆಲಸಗಾತಿ ಎಂದು ಗಂಡಿನವರು ಬೇಗ ಒಪ್ಪುತ್ತಾರೆ. ಎಂಥ ಬುದ್ಧಿ ನೋಡಿ! ಬೆಳ್ಳಗಿನ ಇಡೀ ಗೋಡಂಬಿ ಕೇಳುವವರು ಸಮುದ್ರದಾಚೆ. ಅದಕ್ಕಾಗಿ ಕೈ ಸುಟ್ಟುಕೊಳ್ಳುವುದನ್ನು ಹೆಣ್ಣಿನ ಗುಣವೆಂದು ಹೊಗಳುವವರು ನಾವೇ.

ಅಂಥ ಒಂದು ಮನೆಯ ಸೊಸೆ ಒಮ್ಮೆ ಕೈಗವಸು ಕೇಳಿದ್ದಳು.

"ಗವಸು ಹಾಕ್ಕೊಂಡ್ರೆ ಬೀಜ ಮುರಿಯುತ್ತಮ್ಮ. ಮುರಿದಿದ್ದನ್ನ ಹೊರದೇಶದವರು ಮೂಸಿನೂ ನೋಡಲ್ಲ" ಎಂದ, ಬೀಜದ ಮೂಟೆ ತರುವ ಮೇಸ್ತ್ರಿ.

"ಅವ್ರೇ ಒಂದಿನ ಬಂದು ಒಡೆದು ನೋಡ್ಲಿ."

"ಅವ್ರಿಗೆ ಹೇಳೋಕೆ ನಾನ್ಯಾರು? ನನ್ನ ಮೇಲೊಬ್ಬ, ಅವನ ಮೇಲೊಬ್ಬ."

ಅತ್ತೆ ನಕ್ಕಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಈ ಮನೆಗೆ ಕಾಲಿಟ್ಟಾಗಿಂದ ಒಡೀತಿದ್ದೀನಿ, ನನ್ನ ಕೈ ಉದುರಿಹೋಯ್ತಾ?"

ಸೊಸೆ ಬರಿಗೈಯಲ್ಲೇ ಮುಂದಿನ ಬೀಜ ಎತ್ತಿಕೊಂಡಳು.

ಒಂದು ಬೆಳಿಗ್ಗೆ ಅವಳು ಕೂಸಿನ ಸ್ನಾನಕ್ಕೆ ನೀರು ಬೆರೆಸಿ, ಎಲ್ಲ ತಾಯಂದಿರಂತೆ ಬೆರಳು ಅದ್ದಿ ನೋಡಿದಳು. ಹದವಾಗಿದೆ ಎನಿಸಿತು. ಬೆನ್ನ ಮೇಲೆ ಒಂದು ಚೊಂಬು ಹೊಯ್ದಳು. ಕೂಸಿನ ಚೀರಾಟಕ್ಕೆ ಬೀದಿಯೇ ಓಡಿಬಂತು. ಸಿಪ್ಪೆಯ ಎಣ್ಣೆಗೆ ಸುಟ್ಟು ಸತ್ತ ಬೆರಳಿಗೆ ಬಿಸಿ ತಿಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಕೂಸು ಬದುಕಿಕೊಂಡಿತು; ಬೊಬ್ಬೆಯೆದ್ದ ಆ ಬೆನ್ನು ಕಂಡು ತಾಯಿಗೆ ತನ್ನ ಕೈ ಕಡಿದುಹಾಕಬೇಕೆನಿಸಿತು.

"ಹಣೆಬರಹ" ಎಂದಳು ಅತ್ತೆ. ಕೂಸು ಮನೆಗೆ ಬಂದ ವಾರದಲ್ಲೇ ಸೊಸೆಯ ಹಿರಿಮಗಳಿಗೆ ಮಣೆಯನ್ನೂ ಹಾಕಿದಳು. ಮೇಸ್ತ್ರಿ ಮೂಟೆ ಇಳಿಸಿ ನಿಂತಿದ್ದ. ಅತ್ತೆಗೆ ಮೊಮ್ಮಗಳೆಂದರೆ ಪ್ರಾಣ. ತಾನೇ ಹಾಲು ಕಾಯಿಸಿ, ಲೋಟವನ್ನು ಕೈಯಲ್ಲಿ ಹಿಡಿದು ತಂದಳು.

"ಉಗುರುಬೆಚ್ಚಗಿದೆ ಕಣೇ. ಗಟಗಟ ಕುಡಿದು ಶುರು ಮಾಡು."

ಹುಡುಗಿ ಲೋಟ ಮುಟ್ಟಿದವಳೇ "ಅಮ್ಮಾ!" ಎಂದು ಕೈಬಿಟ್ಟಳು. ಹಾಲು ನೆಲದ ಮೇಲೆ ಹಬೆಯಾಡಿತು. ಅತ್ತೆ ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಸೊಸೆ ಮಗಳನ್ನು ಮಣೆಯಿಂದ ಎಬ್ಬಿಸಿದಳು.

"ಬಿಸಿ ಗೊತ್ತಾಗೋ ಕೈ ಈ ಮನೇಲಿ ಇವಳದೊಂದೇ ಉಳಿದಿರೋದು. ಇದನ್ನ ನಾನು ಯಾರ ತಟ್ಟೆಗೂ ಕೊಡಲ್ಲ. ಗವಸು ತರೋವರೆಗೂ ನಮಗೆ ಮೂಟೆ ಬೇಡ, ಮೇಸ್ತ್ರಿ."

ಮೇಸ್ತ್ರಿ ನಗುತ್ತ ಅತ್ತೆಯ ಕಡೆ ತಿರುಗಿದ. "ಏನಮ್ಮ, ಯಜಮಾನಿ ನೀನೋ ಇವಳೋ?"

ಅತ್ತೆ ಬಗ್ಗಿ ಮಣೆ ಎತ್ತಿ ಗೋಡೆಗೆ ಒರಗಿಸಿದಳು.

"ಸೊಸೆ ಹೇಳಿದ್ದು ಕೇಳಿಸ್ಲಿಲ್ವೇನಪ್ಪ? ಮೂಟೆ ಎತ್ತು."