ಅತಿಥಿಗಳ ಗೇಟು

"ಬಾಯಿ ಮುಚ್ಕೊಂಡು ಕೈ ಮೇಲೆತ್ತೇ, ದರಿದ್ರದವಳೇ. ಕಂಕುಳಲ್ಲಿ ಯಾರನ್ನ ಬಚ್ಚಿಟ್ಕೊಂಡಿದ್ದೀಯ, ನಿನ್ನ ಗಂಡನ್ನಾ?"

ಮೇಸ್ತ್ರಿ ಮರದ ಅಳತೆಪಟ್ಟಿಯನ್ನು ತೂರಿಸಿ ಗಿಡ್ಡಿಯ ಕಂಕುಳನ್ನು ಎರಡು ಸಲ ತಿವಿದ. ಗಿಡ್ಡಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಅದೇ ಪಟ್ಟಿ ಅವಳ ಊಟದ ಡಬ್ಬಿಯೊಳಗೆ ಇಳಿಯಿತು. ತಳದ ತನಕ ಅನ್ನ ಕೆದಕಿ ನೋಡಿ, ಪಟ್ಟಿಗೆ ಅಂಟಿದ ಅಗುಳುಗಳನ್ನು ಅವಳ ಭುಜಕ್ಕೇ ಒರೆಸಿ, "ಹೂಂ, ನಡಿ. ಮುಂದಿನವಳು," ಅಂದ.

ಇದು ಕ್ರೀಡಾಂಗಣದ ಹಿಂಬದಿ, ಕಸದ ಡಬ್ಬಗಳ ಪಕ್ಕ, ಕೆಲಸದವರ ಗೇಟು. ಕೊರಳಲ್ಲಿ ಸದಾ ಸೀಟಿ ನೇತು ಹಾಕಿಕೊಂಡು, ಹೆಸರು ಹಿಡಿದು ಕರೆಯುವ ಬದಲು ಅದನ್ನೇ ಊದುತ್ತಿದ್ದ ಆ ಮೇಸ್ತ್ರಿಯನ್ನು ಎಲ್ಲರೂ ಸೀಟಿ ಅನ್ನುತ್ತಿದ್ದರು. ಆಟ ನೋಡಲು ಬರುವವರನ್ನು ಗೇಟುಗಳಲ್ಲಿ ತಪಾಸಣೆ ಮಾಡುವ ಹೆಂಗಸರು, ಒಳಗೆ ಕಸ ಗುಡಿಸುವ ಹೆಂಗಸರು, ಎರಡೂ ಗುಂಪಿಗೆ ಅವನೇ ಯಜಮಾನ. ತಿಂಗಳ ಬಟ್ಟೆ ಇಟ್ಟುಕೊಂಡವಳು ಅದನ್ನೂ ಬಿಚ್ಚಿ ತೋರಿಸಬೇಕು. ಅದನ್ನೂ ಆ ಪಟ್ಟಿಯ ತುದಿಯಲ್ಲೇ ಎತ್ತಿ ನೋಡುತ್ತಿದ್ದ. ಕೈ ಮಾತ್ರ ತಾಗಿಸುತ್ತಿರಲಿಲ್ಲ. ಕೈ ಗಲೀಜಾಗುತ್ತದಲ್ಲ!

ಮುಂದಿನವಳು ಮದ್ದಕ್ಕ, ಅವಳ ಹಿಂದೆ ಅವಳ ತಂಗಿ. ಅಕ್ಕ ಗೇಟಿನ ತಪಾಸಣೆಯವಳು, ತಂಗಿ ಕಸ ಗುಡಿಸುವವಳು. ಹುಡುಗಿಯಾಗಿದ್ದಾಗ ಹನ್ನೊಂದು ವರ್ಷ ಪಟಾಕಿ ಶೆಡ್ಡಿನಲ್ಲಿ ಮದ್ದು ತುಂಬಿದ್ದಕ್ಕೆ ಮದ್ದಕ್ಕ ಅನ್ನುವ ಹೆಸರು ಬಂದಿತ್ತು. ಉಗುರಿನ ಬುಡದ ಬೂದಿಬಣ್ಣ ಇವತ್ತಿಗೂ ಹೋಗಿರಲಿಲ್ಲ.

ಗೋಡೆಯ ಮರೆಗೆ ಹೋಗಿ ಡಬ್ಬಿ ಬಿಚ್ಚಿದಾಗ ತಂಗಿ ಮೂಗು ಹಿಂಡಿದಳು. "ಅಕ್ಕಾ, ಇವತ್ತು ಅನ್ನಕ್ಕೆ ಗಿಡ್ಡಕ್ಕನ ಕಂಕುಳಿನ ಘಮ ಬಂದಿದೆ ಕಣೆ."

"ಉಪ್ಪು ಸರಿಯಾಗಿದೆಯೇನೇ?" ಅಂದಳು ಗಿಡ್ಡಿ.

"ಸ್ವಲ್ಪ ಜಾಸ್ತಿ."

ಮೂವರೂ ನಕ್ಕರು. ನಗುತ್ತಲೇ ಪಟ್ಟಿ ಹೊಕ್ಕ ಕಡೆಯ ಅನ್ನವನ್ನು ಬೆರಳಲ್ಲಿ ಬಗೆದು ಬದಿಗೆ ಚೆಲ್ಲಿ, ಉಳಿದದ್ದನ್ನು ತಿಂದರು. ಹಸಿವಾದ ಹೊಟ್ಟೆಗೆ ಬೇರೆ ದಾರಿಯಿರಲಿಲ್ಲ.

ಮಧ್ಯಾಹ್ನ ಗೇಟು ತೆರೆಯಿತು. ಪಂದ್ಯದ ದಿನ ನಲವತ್ತು ಸಾವಿರ ಜನ. ತಪಾಸಣೆಯ ಹೆಂಗಸರ ಕೈಗೆ ಒಂದೊಂದು ಕರಿ ಕೋಲು ಕೊಡುತ್ತಿದ್ದರು. ಕಬ್ಬಿಣ ಕಂಡರೆ ಅದು ಕೂಗಬೇಕು. ಕೋಲಿನೊಳಗಿನ ಸೆಲ್ಲುಗಳು ಹೋದ ವರ್ಷವೇ ಸತ್ತಿದ್ದವು. ಹೊಸದು ಕೇಳಿದ್ದಕ್ಕೆ ಸೀಟಿ, "ಕೋಲು ಆಡಿಸಿದ್ರೆ ಸಾಕು. ಜನಕ್ಕೆ ಭಯ ಇದ್ರಾಯ್ತು," ಅಂದಿದ್ದ. ಆದರೆ ಕೂಗದ ಕೋಲನ್ನು ಕಂಡು ಜನ ನಗುತ್ತಿದ್ದರು. ಹಾಗಾಗಿ ಹೆಂಗಸರೇ ಧೂಳಿಗೆಂದು ಕಟ್ಟಿಕೊಂಡ ಬಾಯಿಬಟ್ಟೆಯ ಹಿಂದೆ ಹಲ್ಲಿಗೆ ನಾಲಿಗೆ ಒತ್ತಿ 'ಟೀಂ' ಅನ್ನುವುದನ್ನು ಕಲಿತಿದ್ದರು. ಗಿಡ್ಡಿಯ ಟೀಂ ಎಷ್ಟು ಚೆನ್ನಾಗಿತ್ತೆಂದರೆ, ದಪ್ಪ ಹೆಂಗಸೊಬ್ಬಳು ಬೆಚ್ಚಿಬಿದ್ದು ತಾನಾಗಿ ಚೀಲದಿಂದ ಕತ್ತರಿ ತೆಗೆದು ಕೊಟ್ಟಿದ್ದಳು.

ನಿಜವಾಗಿ ಹುಡುಕಬೇಕಾಗಿದ್ದದ್ದು ಒಂದನ್ನೇ, ನೀರನ್ನು. ಒಳಗೆ ನೀರು, ತಿಂಡಿ ಮಾರುವ ಅಂಗಡಿಗಳು ಕ್ರೀಡಾಂಗಣದ ಅಧ್ಯಕ್ಷರ ಕಡೆಯವರವು. ಚಾಕು ಒಳಗೆ ಹೋದರೆ ಸೀಟಿ ಕೇಳುತ್ತಿರಲಿಲ್ಲ. ಒಂದು ಬಾಟಲಿ ನೀರು ಒಳಗೆ ಹೋದರೆ ಹೆಂಗಸರ ಮುಖಕ್ಕೆ ಉಗಿಯುತ್ತಿದ್ದ. ಗೇಟಿನ ಪಕ್ಕ ಕಿತ್ತುಕೊಂಡ ಬಾಟಲಿ, ಬಾಳೆಹಣ್ಣು, ಮನೆಯ ರೊಟ್ಟಿಗಳ ರಾಶಿ ಬಿಸಿಲಿಗೆ ಹುಳಿಯಾಗಿ ನಾರುತ್ತಿತ್ತು. ಕೂಸಿನ ಹಾಲಿನ ಬಾಟಲಿಯನ್ನೂ ಅಲ್ಲಿಗೇ ಎಸೆಯಬೇಕು. ತಾಯಂದಿರು ಬೈಯುತ್ತಿದ್ದದ್ದು ಸೀಟಿಯನ್ನಲ್ಲ, ಮದ್ದಕ್ಕನನ್ನು.

"ಏಯ್ ಮದ್ದಿ!" ಸೀಟಿ ಓಡಿಬಂದ. "ಅತಿಥಿಗಳ ಗೇಟಿನವಳು ಬಂದಿಲ್ಲ. ಅಲ್ಲಿ ಹೋಗಿ ನಿಂತ್ಕೋ."

"ಕೋಲು ತಗೊಂಡು ಹೋಗ್ಲಾ?"

"ಕೋಲು ಯಾಕೆ, ಬಡಿಯೋಕಾ? ನಿನ್ನ ಕೆಲಸ ನಗೋದು. ಯಾರನ್ನೂ ಮುಟ್ಬೇಡ. ಹಲ್ಲು ಕಾಣಿಸ್ಬೇಡ, ಕಪ್ಪಗಿವೆ."

ಅತಿಥಿಗಳ ಗೇಟಿನಲ್ಲಿ ನೆಲಕ್ಕೆ ಕೆಂಪು ಹಾಸು, ಎರಡು ಬದಿಗೂ ಹೂಕುಂಡ. ಬಂದವರೆಲ್ಲ ಗಾಳಿ ಬಂದ ಹಾಗೆ ಒಳಗೆ ಹೋಗುತ್ತಿದ್ದರು. ಮದ್ದಕ್ಕ ತುಟಿ ಮುಚ್ಚಿ ನಗುತ್ತ ನಿಂತಳು. ಅಧ್ಯಕ್ಷರ ಅಳಿಯ ನಾಲ್ವರು ಗೆಳೆಯರ ಜೊತೆ ಕಾರಿನಿಂದ ಇಳಿದ. ಒಬ್ಬನ ಹೆಗಲಲ್ಲಿ ಉದ್ದನೆಯ ನೀಲಿ ಚೀಲ. ಅದು ಪಕ್ಕದಲ್ಲಿ ಹಾದದ್ದೇ ತಡ, ಅವಳ ಗಂಟಲೊಳಗೆ ಹಳೇ ಕಹಿ ಏರಿತು. ಹನ್ನೊಂದು ವರ್ಷ ಅನ್ನದ ಜೊತೆ ನುಂಗಿದ ವಾಸನೆ. ಯೋಚನೆ ಮಾಡುವ ಮೊದಲೇ ಕೈ ಚೀಲದ ಮೇಲಿತ್ತು.

"ಸಾರ್, ಇದರಲ್ಲಿ ಮದ್ದಿದೆ."

"ಯಾವ ಮದ್ದು, ಕೆಮ್ಮಿಗಾ?" ಗೆಳೆಯರು ನಕ್ಕರು.

"ಮತಾಪು ಸಾರ್, ಕೈಯಲ್ಲಿ ಹಿಡಿದು ಹಚ್ಚೋದು. ನಾನೇ ತುಂಬಿದ್ದೀನಿ, ಗೊತ್ತು. ನಿಮ್ಮ ಬಾಲ್ಕನಿ ಕೆಳಗೆ ಮೆಟ್ಟಿಲಲ್ಲಿ ಕಸ ಗುಡಿಸೋರು ಇರ್ತಾರೆ. ಬೇಡಿ ಸಾರ್."

ಅಳಿಯ ಅವಳ ಮುಖ ನೋಡಲಿಲ್ಲ. ಅವಳ ಕೈಯನ್ನು ನೋಡಿದ, ಉಗುರುಗಳನ್ನು. "ಕೈ ತೆಗಿ." ಜೇಬಿನಿಂದ ಕೈ ತೊಳೆಯುವ ನೀರಿನ ಸಣ್ಣ ಶೀಷೆ ತೆಗೆದು, ಅವಳ ಅಂಗೈ ಬಿದ್ದಿದ್ದ ಜಾಗಕ್ಕೆ ಸುರಿದ. "ಒರೆಸು."

ಅವಳು ತೋಳಿನ ಬಟ್ಟೆಯಲ್ಲಿ ಒರೆಸಿದಳು.

"ಇಲ್ಲೂ ಒರೆಸು. ವಾಸನೆ ಹೋಗ್ಬೇಕು."

ಅಷ್ಟರಲ್ಲಿ ಸೀಟಿ ಏದುತ್ತ ಬಂದು ಅವಳ ಕತ್ತು ಹಿಡಿದು ಬಗ್ಗಿಸಿದ. "ತಲೆ ಸರಿಯಿಲ್ಲ ಸಾರ್ ಇದಕ್ಕೆ. ಕೇಳೇ ಕ್ಷಮೆ, ಮುಂಡೇದೆ! ಸಾಹೇಬ್ರ ಬೂಟು ಕಾಣ್ತಾ ಇದೆಯಲ್ಲ, ಅದಕ್ಕೇ ಹೇಳು."

ಅವಳು ಬೂಟಿಗೆ ಹೇಳಿದಳು. ನೀಲಿ ಚೀಲ ಒಳಗೆ ಹೋಯಿತು.

ಆಟ ಅರ್ಧಕ್ಕೆ ಬಂದಿದ್ದಾಗ ಬಾಲ್ಕನಿಯ ಚಾವಣಿ ಕೆಂಪಗಾಯಿತು. ಜನ ಹೋ ಎಂದು ಕೂಗಿದರು. ಉರಿಯುವ ಮತಾಪು ಯಾರದೋ ಕೈ ಸುಟ್ಟಿರಬೇಕು, ಕೆಳಗೆಸೆದ. ಬಾಲ್ಕನಿಯ ಕೆಳಗಿನ ಮೆಟ್ಟಿಲ ಮೇಲೆ ಯಾರೋ ಕುಡಿದು ಕಕ್ಕಿದ್ದರು. ತಂಗಿ ಬಗ್ಗಿ ಅದನ್ನು ಬಳಿಯುತ್ತಿದ್ದಳು. ಬೆಂಕಿ ಅವಳ ಕತ್ತಿನ ಹಿಂದೆ ಬಿತ್ತು. ಕಂಪನಿ ಕೊಟ್ಟ ಹಳದಿ ಜಾಕೆಟ್ಟು ಉರಿಯಲಿಲ್ಲ, ಕರಗಿತು. ಕರಗಿ ಮೇಣದ ಹಾಗೆ ಮೈಗೆ ಇಳಿಯಿತು.

ಮದ್ದಕ್ಕ ಓಡಿ ಮುಟ್ಟುವಷ್ಟರಲ್ಲಿ ಗಿಡ್ಡಿ ಬಾಟಲಿಗಳ ರಾಶಿಯಿಂದ ನೀರು ತಂದು ಸುರಿಯುತ್ತಿದ್ದಳು. ಸ್ಟ್ರೆಚರು ಕೇಳಿದರೆ, ಅದು ಆಟಗಾರರಿಗೆ ಅಂದರು. ಕಸದ ಗಾಡಿಯಲ್ಲಿದ್ದ ಲೋಟ, ಎಲುಬು, ಎಂಜಲನ್ನೆಲ್ಲ ನೆಲಕ್ಕೆ ಬೋರಲು ಹಾಕಿ, ಅದರಲ್ಲೇ ತಂಗಿಯನ್ನು ಕವುಚಿ ಮಲಗಿಸಿ ಇಬ್ಬರೂ ತಳ್ಳಿಕೊಂಡು ಹೋದರು. ಆಟ ನಿಲ್ಲಲಿಲ್ಲ.

ಎರಡು ದಿನ ಕಳೆದು ಅಧ್ಯಕ್ಷರ ಕೋಣೆಗೆ ಕರೆ ಬಂತು. ಮದ್ದಕ್ಕನಿಗೆ ಅಲ್ಲಿ ಕುರ್ಚಿ ಕೊಟ್ಟರು. ಕೂರುವ ಮೊದಲು ಸೀಟಿ ಅದರ ಮೇಲೆ ಹಳೇ ಪೇಪರು ಹಾಸಿದ.

"ನೋಡಮ್ಮ," ಅಧ್ಯಕ್ಷರ ದನಿ ಬೆಣ್ಣೆಯಂತಿತ್ತು. "ನೀನು ನಮ್ಮ ಮನೆಯವಳಿದ್ದ ಹಾಗೆ. ನಿನ್ನ ತಂಗಿ ಅಂದ್ರೆ ನನ್ನ ಮಗಳಿದ್ದ ಹಾಗೆ. ಸೀಟಿ, ಓದಿ ಹೇಳು."

ಮದ್ದಕ್ಕನ ಹೆಸರಲ್ಲಿ ಬರೆದಿಟ್ಟಿದ್ದ ಕಾಗದವನ್ನು ಸೀಟಿ ಓದಿದ. ಮತಾಪು ಬಂದದ್ದು ಹೆಂಗಸರ ಗೇಟಿನಿಂದ. ಯಾವಳೋ ಒಬ್ಬಳು ಬಟ್ಟೆಯೊಳಗೆ ಅಡಗಿಸಿ ತಂದಳು. ಆ ಹೊತ್ತಿಗೆ ಅಲ್ಲಿದ್ದ ನಾನು ಸರಿಯಾಗಿ ತಪಾಸಣೆ ಮಾಡಲಿಲ್ಲ. ತಪ್ಪು ನನ್ನದೇ.

"ನಾನು ಆಗ ಅತಿಥಿಗಳ ಗೇಟಲ್ಲಿದ್ದೆ ಸಾರ್. ನೀಲಿ ಚೀಲ..."

"ಆ ಗೇಟಿನ ಕ್ಯಾಮೆರಾ ಕೆಟ್ಟಿತ್ತಮ್ಮ," ಅಂದರು ಅಧ್ಯಕ್ಷರು ಬೇಸರದಿಂದ. "ಮುಂದಿನ ಪಂದ್ಯಕ್ಕೆ ಸರ್ಕಾರದ ಅಧಿಕಾರಿ ತಪಾಸಣೆ ಹೇಗಿದೆ ಅಂತ ನೋಡೋಕೆ ಬರ್ತಾರೆ. ಸಹಿ ಹಾಕಿ ಅವರ ಕೈಗೆ ನೀನೇ ಕೊಡು. ಅವತ್ತೇ ತಂಗೀನ ದೊಡ್ಡಾಸ್ಪತ್ರೆಗೆ ಸೇರಿಸ್ತೀವಿ. ನಿನ್ನ ಕೆಲಸಾನೂ ಇರುತ್ತೆ. ಹಾಕಲ್ಲ ಅಂದ್ರೆ, ನೀವಿಬ್ರೂ ಯಾರೋ, ನಾವು ಯಾರೋ."

ಸಣ್ಣ ಆಸ್ಪತ್ರೆಯ ವಾರ್ಡಿನಲ್ಲಿ ತಂಗಿ ಕವುಚಿ ಮಲಗಿದ್ದಳು. ಕತ್ತಿನಿಂದ ಸೊಂಟದವರೆಗೆ ಬಟ್ಟೆ ಸುತ್ತಿತ್ತು. ಅದರಿಂದ ಒಸರುತ್ತಿದ್ದದ್ದಕ್ಕೆ ನೊಣ ಕೂರುತ್ತಿದ್ದವು. ಮದ್ದಕ್ಕ ಕಾಗದದಿಂದಲೇ ನೊಣ ಓಡಿಸುತ್ತ, ಅದರಲ್ಲಿದ್ದದ್ದನ್ನು ಹೇಳಿದಳು.

"ಹೆಂಗಸಿನ ಬಟ್ಟೆಯೊಳಗಾ?" ತಂಗಿ ದಿಂಬಿಗೆ ಮುಖ ಒತ್ತಿ ನಕ್ಕಳು. ನಕ್ಕಾಗ ನೋವಾಗಿ ಹಲ್ಲು ಕಚ್ಚಿದಳು. "ಅಷ್ಟುದ್ದದ್ದನ್ನಾ? ಅವಳೇನು ಒಂಟೆನಾ? ಥೂ, ಸುಳ್ಳು ಹೇಳೋಕೂ ಬರಲ್ಲ ಬೋಳಿಮಕ್ಕಳಿಗೆ."

ಮದ್ದಕ್ಕ ಕಾಗದವನ್ನು ಮಡಿಸಿಟ್ಟುಕೊಂಡಳು.

"ಇವತ್ತೂ ಜಾಕೆಟ್ಟಿನ ಚೂರು ಕಿತ್ತರು ಅಕ್ಕ. ಹಳದಿ ಚೂರು. ಚರ್ಮದ ಸಮೇತ ಬಂತು." ಮುಖವನ್ನು ಅಕ್ಕನ ಕಡೆ ಹೊರಳಿಸಿ ಕೇಳಿದಳು, "ದೊಡ್ಡಾಸ್ಪತ್ರೆಲಿ ಹಾಸಿಗೆ ಮೆತ್ತಗಿರುತ್ತಾ?"

"ಇರುತ್ತಂತೆ."

ನೊಣವೊಂದು ಮತ್ತೆ ಬಂದು ಕೂತಿತು.

"ನಂಗೆ ಹೇಗಿದ್ರೂ ಬೆನ್ನು ಕೆಳಗೆ ಹಾಕಿ ಮಲಗೋಕಾಗಲ್ಲ ಬಿಡು," ಅಂದಳು ತಂಗಿ. "ನೀನು ಹಾಕ್ಬೇಡ."

ಪಂದ್ಯದ ದಿನ ಕೋಲುಗಳಿಗೆಲ್ಲ ಹೊಸ ಸೆಲ್ಲು ಬಂದಿತ್ತು. ಗೋಡೆಗೆ ಹೊಸ ಬೋರ್ಡು: ಪ್ರತಿಯೊಬ್ಬರ ಚೀಲ, ಜೋಡು, ಮೈ ತಪಾಸಣೆ ಕಡ್ಡಾಯ, ಯಾರಿಗೂ ವಿನಾಯಿತಿ ಇಲ್ಲ. ಸೀಟಿ ಎಲ್ಲರನ್ನೂ ನಿಲ್ಲಿಸಿ ಹೇಳಿದ: "ಅಧಿಕಾರಿ ಅರ್ಧ ಗಂಟೆ ಇರ್ತಾನೆ. ಅರ್ಧ ಗಂಟೆ ಸರಿಯಾಗಿ ಹುಡುಕ್ರಿ. ನಾನು ಸೀಟಿ ಊದಿದ ಮೇಲೆ ಬಿಟ್ಬಿಡಿ." ಮದ್ದಕ್ಕನನ್ನು ಅತಿಥಿಗಳ ಗೇಟಿಗೇ ಹಾಕಿದ. ಅಧಿಕಾರಿಯ ಕುರ್ಚಿ ಅಲ್ಲಿ, ಕಾಗದ ಕೊಡಬೇಕಾದದ್ದೂ ಅಲ್ಲಿ.

ಅವನು ಅತ್ತ ಹೋದ ಮೇಲೆ ಗಿಡ್ಡಿ ಹತ್ತಿರ ಬಂದು, "ಏನ್ಮಾಡೋದೇ?" ಅಂದಳು.

"ಬೋರ್ಡಲ್ಲಿ ಬರೆದದ್ದನ್ನ ಮಾಡೋದು. ಸೀಟಿ ಊದಿದ್ರೂ ಅದನ್ನೇ ಮಾಡೋದು."

"ಹಾಗೆ ಮಾಡಿದ್ರೆ ನಾಳೆ ಬೆಳಿಗ್ಗೆ ಆದ್ರೂ ಜನ ಒಳಗೆ ಹೋಗಲ್ಲ."

"ಹೋಗ್ದಿದ್ರೆ ಬೇಡ. ಬಾಟಲಿ ಮಾತ್ರ ಯಾರದನ್ನೂ ಕಿತ್ಕೋಬೇಡಿ. ಬಿಸಿಲಲ್ಲಿ ನಿಂತವರಿಗೆ ನೀರು ಬೇಕು."

ಗಿಡ್ಡಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ತನ್ನ ಗೇಟಿಗೆ ಹೋದಳು. ಹೋಗುತ್ತ ಪಕ್ಕದ ಗೇಟಿನವಳ ಕಿವಿಗೆ ಬಾಯಿಟ್ಟಳು.

ಅರ್ಧ ಗಂಟೆಗೆ ಸೀಟಿ ಊದಿದ. ಯಾರೂ ಕೈ ಬಿಡಲಿಲ್ಲ. ಒಂದು ಗಂಟೆಯಾಯಿತು. ಸಾಲುಗಳು ಅಂಗಳ ದಾಟಿ, ರಸ್ತೆ ಸುತ್ತಿ, ಆಚೆ ಬೀದಿಗೆ ಮುಟ್ಟಿದವು. ಸೀಟಿ ಒಂದೊಂದು ಗೇಟಿಗೂ ಓಡಿ ಬೈದ, ಬೇಡಿಕೊಂಡ. ಹೆಂಗಸರು ಬೋರ್ಡಿನ ಕಡೆ ಬೆರಳು ತೋರಿಸಿದರು. ಕಾಗದಕ್ಕೆ ಕಾಯುತ್ತ ಉಳಿದಿದ್ದ ಅಧಿಕಾರಿ ಟೀ ಲೋಟ ಹಿಡಿದು ಏಳಲೋ ಬೇಡವೋ ಅನ್ನುತ್ತಿದ್ದಾಗ ಅಳಿಯನ ಕಾರು ಬಂತು. ಗೆಳೆಯರೂ ಇದ್ದರು. ಹೋದ ಸಲದ ಬೆಂಕಿಯ ಸುದ್ದಿ ಹುಡುಕುತ್ತ ಬಂದಿದ್ದ ಇಬ್ಬರು ಫೋಟೋದವರೂ ಗೇಟಿನ ಬಳಿ ನಿಂತಿದ್ದರು.

ಮದ್ದಕ್ಕ ಕೆಂಪು ಹಾಸಿನ ನಡುವೆ ನಿಂತಳು. "ಜೋಡು ಬಿಚ್ಚಿ ಸಾರ್."

"ಇದನ್ನ ಇನ್ನೂ ಓಡಿಸಿಲ್ವಾ?" ಅಳಿಯ ಸೀಟಿಯನ್ನು ಕೇಳಿದ.

ಸೀಟಿ ಹಲ್ಲು ಕಚ್ಚಿ ಅವಳ ಕಿವಿಯಲ್ಲಿ ಉಸುರಿದ. "ಕಾಗದ ಎಲ್ಲೇ ಲೌಡಿ? ಸಹಿ ಹಾಕಿದ್ದೀಯಾ?"

"ಕಾಗದ ಇದೆ, ಕೊಡ್ತೀನಿ. ಕೆಲಸದಲ್ಲಿದ್ದೀನಿ ಈಗ."

"ಹೆಂಗಸು ಗಂಡಸಿನ ಮೈ ಮುಟ್ಟೋ ಹಾಗಿಲ್ಲ," ಅಂದ ಅಳಿಯ. "ನಿಯಮ ಗೊತ್ತಾ ನಿಂಗೆ?"

"ಗಂಡಸು ಹೆಂಗಸಿನ ತಿಂಗಳ ಬಟ್ಟೆ ಎತ್ತಿ ನೋಡಬಹುದಾ ಸಾರ್?" ಅವಳು ದನಿ ಎತ್ತಲಿಲ್ಲ. "ಇವ್ರು ದಿನಾ ನೋಡ್ತಾರೆ. ನಮಗೆ ಆಗದ ಹೇಸಿಗೆ ನಿಮಗ್ಯಾಕೆ?"

ಫೋಟೋದವನೊಬ್ಬ ಹತ್ತಿರ ಸರಿದ. ಎಲ್ಲರೂ ಅಧಿಕಾರಿಯ ಮುಖ ನೋಡಿದರು. ಅವನು ಬೋರ್ಡು ನೋಡಿದ, ಕ್ಯಾಮೆರಾ ನೋಡಿದ, ಆಮೇಲೆ ತನ್ನ ಲೋಟದೊಳಗೆ ನೋಡಿಕೊಂಡು, "ಬೇಗ... ಬೇಗ ಮುಗಿಸಿ," ಅಂದ.

ಅಳಿಯ ಬೂಟು ಬಿಚ್ಚಿದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಮದ್ದಕ್ಕ ಎದೆಯ ಬಳಿಯಿಂದ ಮಡಿಸಿದ ಕಾಗದ ತೆಗೆದಳು. ಬಿಡಿಸಿ, ಸಹಿಯ ಜಾಗ ಖಾಲಿಯಿದ್ದದ್ದು ಅಧಿಕಾರಿಗೆ ಕಾಣುವ ಹಾಗೆ ಮೇಜಿನ ಮೇಲೆ ಹರವಿದಳು. ಅಳಿಯನ ಬೂಟುಗಳನ್ನು ಎತ್ತಿ ಅದರ ಮೇಲಿಟ್ಟಳು.

ಸೀಟಿ ತನ್ನ ಕೊರಳಿನ ಸೀಟಿಯನ್ನು ಬಾಯಿಗಿಟ್ಟು ಒಂದೇ ಸಮನೆ ಊದತೊಡಗಿದ. ಹೊರಗೆ ಆಟ ತಪ್ಪಿಹೋದ ಸಾವಿರಾರು ಜನ ಕೂಗುತ್ತಿದ್ದರು. ಪೊಲೀಸರ ಗಾಡಿಯೊಂದು ಜನರ ನಡುವೆ ದಾರಿ ಮಾಡಿಕೊಳ್ಳುತ್ತ ಈ ಗೇಟಿನ ಕಡೆಗೇ ಬರುತ್ತಿತ್ತು.

ಅವಳಿಗೆ ಅವಸರವಿರಲಿಲ್ಲ. ಕೋಲನ್ನು ಬದಿಗಿಟ್ಟು ಬರಿಗೈಯಲ್ಲಿ ಹುಡುಕಿದಳು. ತೋಳು, ಸೊಂಟ, ಬೆನ್ನು. ಆಮೇಲೆ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಬೂದಿಬಣ್ಣದ ಬೆರಳುಗಳನ್ನು ಕತ್ತಿನ ಹಿಂದಕ್ಕೆ ಇಳಿಸಿದಳು. ಅಳಿಯ ಮುಖ ಕಿವುಚಿದ. ಕತ್ತಿನ ಚರ್ಮ ತಣ್ಣಗೆ, ನುಣ್ಣಗೆ, ಎಲ್ಲೂ ಒಂದು ಗೀರಿಲ್ಲದೆ ಇತ್ತು. ಬೆರಳು ಅಲ್ಲೇ ನಿಂತಿತು. ಗಾಡಿಯಿಂದ ಇಳಿದವರು ಓಡಿಬರುತ್ತಿದ್ದರು. ಅವಳು ಇನ್ನೊಮ್ಮೆ ಮೇಲಿನಿಂದ ಶುರು ಮಾಡಿ, ನಿಧಾನಕ್ಕೆ ಹುಡುಕಿದಳು.